ಅಪ್ಪನ ಪೇಟೆಯಲ್ಲಿ ಮಾತಿನ ಧಾರಣೆ

ಹದಿನಾಲ್ಕರ ಹುಡುಗ. ಗೆಳೆಯನ ಫೋನು ಬಂದರೆ ಮಾಳಿಗೆ ಹತ್ತಿ ತಾಸುಗಟ್ಟಲೆ ಮಾತಾಡುತ್ತಾನೆ. ಐಪಿಎಲ್ಲು, ಹೊಸ ಬೈಕು, ಗಣಿತದ ಮೇಷ್ಟ್ರ ಸಿಟ್ಟು, ಯಾರೋ ಹುಡುಗಿಯ ಸ್ಟೇಟಸ್ಸು, ಒಂದಾದ ಮೇಲೊಂದು. ಅದೇ ಹುಡುಗ ಕೆಳಗಿಳಿದು ಬಂದಾಗ ಅಪ್ಪ ಪಡಸಾಲೆಯಲ್ಲಿ ಕೂತಿರುತ್ತಾನೆ.

"ಎಲ್ಲಿಗೆ ಹೋಗಿದ್ದಿ?"
"ಎಲ್ಲೂ ಇಲ್ಲ."
"ಪರೀಕ್ಷೆ ಹೆಂಗಾತು?"
"ಆತು."
"ಯಾಕ ಸಪ್ಪಗದಿ?"
"ಏನಿಲ್ಲ, ಸುಮ್ನ."

ಮೂರು ಪ್ರಶ್ನೆ, ಐದೇ ಪದಗಳ ಉತ್ತರ. ಗುತ್ತಲದ ಚಹಾದಂಗಡಿಯಲ್ಲಿ ಕೂತರೂ ರಾಣೆಬೆನ್ನೂರಿನ ಬೀಜದಂಗಡಿಯ ಮುಂದೆ ನಿಂತರೂ ಈ ದೂರು ಕಿವಿಗೆ ಬೀಳುತ್ತದೆ: "ನಮ್ಮ ಹುಡುಗ ಮನ್ಯಾಗ ಬಾಯೇ ಬಿಡೂದಿಲ್ಲ ನೋಡ್ರಿ." ಕಾರಣಗಳೂ ಅಲ್ಲೇ ಸಿದ್ಧವಾಗಿರುತ್ತವೆ. ಒಬ್ಬರು ಮೊಬೈಲಿನ ಮೇಲೆ ಹಾಕುತ್ತಾರೆ, ಇನ್ನೊಬ್ಬರು ಸೊಕ್ಕಿನ ಮೇಲೆ. ಆದರೆ ಮೂರು ವರ್ಷದ ಹಿಂದೆ ಇದೇ ಹುಡುಗ ಅಪ್ಪನ ಬೈಕಿನ ಟ್ಯಾಂಕಿನ ಮೇಲೆ ಕೂತು, ಹಾವೇರಿ ಮುಟ್ಟುವ ತನಕ ಬಾಯಿಗೆ ಬಿಡುವು ಕೊಡುತ್ತಿರಲಿಲ್ಲ. ನಡುವೆ ಆದದ್ದೇನು?

ಕಿವಿ ಕೇಳುತ್ತದೆ, ಮೆದುಳು ಬೇರೆಡೆ ನೋಡುತ್ತದೆ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಏಬ್ರಮ್ಸ್ ಮತ್ತು ವಿನೋದ್ ಮೆನನ್ ಅವರ ತಂಡ 2022ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಏಳರಿಂದ ಹದಿನಾರು ವರ್ಷದ ಮಕ್ಕಳನ್ನು ಮೆದುಳಿನ ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ, ಅರ್ಥವೇ ಇಲ್ಲದ ಪದಗಳನ್ನು ಕೇಳಿಸಿದರು. ಒಮ್ಮೆ ಅವರವರ ತಾಯಿಯ ದನಿಯಲ್ಲಿ, ಇನ್ನೊಮ್ಮೆ ಗುರುತೇ ಇಲ್ಲದ ಹೆಂಗಸರ ದನಿಯಲ್ಲಿ. ಪದಕ್ಕೆ ಅರ್ಥವಿಲ್ಲದ ಕಾರಣ ಮೆದುಳು ಸ್ಪಂದಿಸುವುದು ದನಿಗೆ ಮಾತ್ರ.

ಹನ್ನೆರಡರೊಳಗಿನ ಮಕ್ಕಳಲ್ಲಿ ತಾಯಿಯ ದನಿ ಬಿದ್ದೊಡನೆ ಬಹುಮಾನ ಜಾಲ ಚುರುಕಾಯಿತು. ಸಿಹಿ ತಿಂದಾಗ, ಆಟ ಗೆದ್ದಾಗ, ಹೊಗಳಿಕೆ ಕೇಳಿದಾಗ ಕೆಲಸ ಮಾಡುವ ಮೆದುಳಿನ ಭಾಗಗಳಿಗೆ ನಾವಿಲ್ಲಿ ಇಟ್ಟುಕೊಂಡ ಹೆಸರು ಇದು. ಹದಿಮೂರು ದಾಟಿದವರಲ್ಲಿ ಕತೆ ತಿರುಗಿತು. ಅದೇ ಜಾಲ ಈಗ ತಾಯಿಗಿಂತ ಅಪರಿಚಿತ ದನಿಗೆ ಹೆಚ್ಚು ಸ್ಪಂದಿಸಿತು. ಹಾಗೆಂದು ತಾಯಿಯ ದನಿ ಗುರುತು ಸಿಗಲಿಲ್ಲ ಎಂದಲ್ಲ. ದೊಡ್ಡ ಮಕ್ಕಳೂ ಆ ದನಿಯನ್ನು ಹೆಚ್ಚೂಕಡಿಮೆ ತಪ್ಪಿಲ್ಲದೆ ಗುರುತಿಸಿದರು. ಕೇಳಿಸಿದ್ದು ಸರಿಯಾಗಿಯೇ ಕೇಳಿಸಿತು, ಆದರೆ ಹಿಂದಿನ ಸೆಳೆತ ಉಳಿದಿರಲಿಲ್ಲ.

ಇದನ್ನು ದೋಷವೆಂದು ಓದಬೇಕಿಲ್ಲ. ಹದಿಹರೆಯದ ಮೆದುಳಿಗೆ ಒಂದು ಕೆಲಸ ಬಾಕಿಯಿದೆ: ಮನೆಯಾಚೆಯ ಜನರನ್ನು ಓದಲು ಕಲಿಯುವುದು. ಮುಂದೆ ಕೂಡಿ ದುಡಿಯಬೇಕಾದವರು, ಸಂಗಾತಿಯಾಗುವವರು, ಜಗಳಕ್ಕೆ ನಿಲ್ಲುವವರು ಎಲ್ಲ ಹೊರಗಿದ್ದಾರೆ. ಹುಟ್ಟಿದಾಗಿನಿಂದ ಒಡನಾಡಿದ ತಾಯಿಯ ದನಿಗೇ ಈ ಗತಿಯಾದರೆ, ದಿನದಲ್ಲಿ ಅರ್ಧ ತಾಸು ಕಾಣಿಸುವ ಅಪ್ಪನಿಗೆ ಮಗ ತನ್ನನ್ನೇ ಗುರಿಮಾಡಿ ಮೌನ ಹಿಡಿದಿದ್ದಾನೆ ಎಂದು ಕುದಿಯಲು ಕಾರಣವಿಲ್ಲ.

ಆದರೆ ಈ ಪ್ರಯೋಗ ಅರ್ಧ ಉತ್ತರ ಮಾತ್ರ. ಗೆಳೆಯನ ಕಡೆ ಸೆಳೆತ ಯಾಕೆಂದು ಅದು ಹೇಳುತ್ತದೆ. ಅಪ್ಪನೆದುರು ತುಟಿ ಯಾಕೆ ಬಿಗಿಯುತ್ತದೆ ಎಂದು ಹೇಳುವುದಿಲ್ಲ.

ಬೈಗುಳದ ಅರ್ಧ ನಿಮಿಷ

ಪಿಟ್ಸ್‌ಬರ್ಗ್ ಮತ್ತು ಬರ್ಕ್ಲಿಯ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಎರಡನೇ ಅರ್ಧಕ್ಕೆ ಕೈಹಾಕುತ್ತದೆ. ಮೂವತ್ತೆರಡು ಮಕ್ಕಳ ತಾಯಂದಿರಿಂದ, ತಮ್ಮ ಮಗ ಅಥವಾ ಮಗಳ ಯಾವ ನಡತೆ ತಮಗೆ ಹಿಡಿಸುವುದಿಲ್ಲ ಎಂಬುದನ್ನು ಅವರದೇ ಮಾತಿನಲ್ಲಿ ಹೇಳಿಸಿ ಮೂವತ್ತು ಸೆಕೆಂಡಿನ ತುಣುಕು ಮಾಡಿಕೊಂಡರು. ಆಮೇಲೆ ಆ ತುಣುಕನ್ನು ಆಯಾ ಮಕ್ಕಳಿಗೇ ಕೇಳಿಸುತ್ತ ಮೆದುಳನ್ನು ಸ್ಕ್ಯಾನ್ ಮಾಡಿದರು.

ಕಂಡದ್ದು ಮೂರು. ನೋವು, ಸಿಟ್ಟು, ಅವಮಾನಗಳನ್ನು ಹೊರುವ ಭಾಗಗಳು ಚುರುಕಾದವು. ಭಾವನೆಯನ್ನು ತಡೆದು ಯೋಚಿಸಲು ನೆರವಾಗುವ ಹಣೆಯ ಹಿಂದಿನ ಭಾಗ ಮಂದವಾಯಿತು. ಇಷ್ಟನ್ನು ಯಾರಾದರೂ ಊಹಿಸಬಹುದಿತ್ತು. ಅಪ್ಪಂದಿರು ನೆನಪಿಡಬೇಕಾದದ್ದು ಮೂರನೆಯದು: ಎದುರಿನವರ ಮನಸ್ಸಿನಲ್ಲಿ ಏನಿದೆ ಎಂದು ಅಳೆಯುವ ಭಾಗಗಳೂ ಮಂದವಾದವು.

ಬೈಯುವ ಅಪ್ಪ ಏನನ್ನು ನಂಬಿರುತ್ತಾನೆ? 'ನಾನು ಯಾಕೆ ಬೈಯುತ್ತಿದ್ದೇನೆ, ಅವನ ಒಳ್ಳೆಯದಕ್ಕೇ ಅಲ್ಲವೇ, ಅಷ್ಟೂ ತಿಳಿಯುವುದಿಲ್ಲವೇ?' ಎಂದು. ತಿಳಿಯಬೇಕಾದ ಭಾಗವೇ ಆ ಹೊತ್ತಿಗೆ ಹಿಂದೆ ಸರಿದಿರುತ್ತದೆ. ಮಗನಿಗೆ ದನಿಯ ಖಾರ ಮುಟ್ಟುತ್ತದೆ, ಅದರ ಹಿಂದಿನ ಕಾಳಜಿ ಮುಟ್ಟುವುದಿಲ್ಲ. ಬೈದು ಬುದ್ಧಿ ಹೇಳುವಾಗ ಬೈದದ್ದು ಉಳಿದು ಬುದ್ಧಿ ಸೋರಿಹೋಗುವುದು ಹೀಗೆ.

ಕೇಳಿದರೆ ಗೊತ್ತಾಗುತ್ತದೆಯೇ?

ಬೈಯುವುದಿಲ್ಲ, ಬರೀ ಕೇಳುತ್ತೇನೆ ಎನ್ನುವ ಅಪ್ಪಂದಿರಿದ್ದಾರೆ. ಎಲ್ಲಿದ್ದೆ, ಯಾರ ಜೊತೆ, ಎಷ್ಟು ಖರ್ಚು, ಎಷ್ಟು ಅಂಕ. ಮಕ್ಕಳ ಮೇಲೆ ಕಣ್ಣಿಟ್ಟ ತಂದೆತಾಯಿಯ ಮಕ್ಕಳು ದಾರಿ ತಪ್ಪುವುದು ಕಡಿಮೆ ಎಂದು ಮನೋವಿಜ್ಞಾನಿಗಳೂ ಬಹುಕಾಲ ಬರೆದುಕೊಂಡು ಬಂದರು.

2000ದಲ್ಲಿ ಸ್ವೀಡನ್ನಿನ ಹಾಕನ್ ಸ್ಟ್ಯಾಟಿನ್ ಮತ್ತು ಮಾರ್ಗರೆಟ್ ಕೆರ್ ಇದಕ್ಕೊಂದು ಸರಳ ಪ್ರಶ್ನೆ ಹಾಕಿದರು. ಆ ಅಧ್ಯಯನಗಳು ಅಳೆದದ್ದು ತಂದೆತಾಯಿಗೆ ಮಕ್ಕಳ ಬಗ್ಗೆ ಎಷ್ಟು ಗೊತ್ತಿದೆ ಎಂಬುದನ್ನು. ಆದರೆ ಅದು ಗೊತ್ತಾದದ್ದು ಹೇಗೆ? ಏಳುನೂರಕ್ಕೂ ಹೆಚ್ಚು ಹದಿನಾಲ್ಕರ ಮಕ್ಕಳನ್ನೂ ಅವರ ತಂದೆತಾಯಿಯನ್ನೂ ವಿಚಾರಿಸಿ ಮೂರು ಮೂಲಗಳನ್ನು ಬಿಡಿಸಿದರು: ಹಿರಿಯರು ಕೇಳಿ ತಿಳಿದದ್ದು, ಕಟ್ಟುಪಾಡು ಹಾಕಿ ತಿಳಿದದ್ದು, ಮಗುವೇ ತಾನಾಗಿ ಹೇಳಿದ್ದು. ಮೂರನೆಯದೇ ಎಲ್ಲಕ್ಕಿಂತ ದೊಡ್ಡ ಮೂಲವಾಗಿತ್ತು. ಮಗ ಸುರಕ್ಷಿತವಾಗಿರುವುದಕ್ಕೂ ಹೆಚ್ಚಿನ ನಂಟು ಕಂಡದ್ದು ಈ ತಾನಾಗಿ ಹೇಳುವ ರೂಢಿಯ ಜೊತೆಗೆ. ತಮ್ಮನ್ನು ಸದಾ ವಿಚಾರಣೆಯಲ್ಲಿ ಇಟ್ಟಿದ್ದಾರೆ ಎಂಬ ಭಾವ ಬಂದ ಮಕ್ಕಳ ಸ್ಥಿತಿ ಹೆಚ್ಚು ಹದಗೆಟ್ಟಿತ್ತು.

ಹಾಗಾದರೆ 'ಮಗನಿಂದ ಮಾತು ಹೊರಡಿಸುವುದು ಹೇಗೆ' ಎಂಬ ಪ್ರಶ್ನೆಯನ್ನೇ ಬದಲಿಸಬೇಕು. ಒಬ್ಬ ಹುಡುಗ ತಾನಾಗಿ ಹೇಳುವುದೋ ಬಿಡುವುದೋ ಎಂದು ತೀರ್ಮಾನಿಸುವುದು ಯಾವುದರ ಮೇಲೆ?

ಮೊದಲ ಮೂಟೆಗೆ ಸಿಕ್ಕ ಬೆಲೆ

ಇದಕ್ಕೆ ಗುತ್ತಲದಿಂದ ಬಹಳ ದೂರ ಹೋಗಬೇಕಾಗಿಲ್ಲ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋದರೆ ಸಾಕು. ಸುಗ್ಗಿಯ ಕಾಲಕ್ಕೆ ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲಿನಿಂದಲೂ ಲಾರಿಗಳು ಇಲ್ಲಿಗೆ ಬರುತ್ತವೆ. ವರ್ತಕ ಚೀಲಕ್ಕೆ ಕೈಹಾಕಿ ಒಂದು ಹಿಡಿ ಎತ್ತುತ್ತಾನೆ. ಬಣ್ಣ ನೋಡುತ್ತಾನೆ, ಸುಕ್ಕು ನೋಡುತ್ತಾನೆ, ಹಸಿ ಇದೆಯೇ ಎಂದು ಹಿಚುಕುತ್ತಾನೆ. ಟೆಂಡರಿನಲ್ಲಿ ಧಾರಣೆ ಬೀಳುತ್ತದೆ. ಮೊದಲ ಸಲ ಹತ್ತು ಮೂಟೆ ತಂದ ರೈತ ಅಂದು ರಾತ್ರಿ ಊರಿಗೆ ಮರಳುವಾಗಲೇ ಲೆಕ್ಕ ಹಾಕಿರುತ್ತಾನೆ: ಮುಂದಿನ ಕೊಯಿಲನ್ನು ಇಲ್ಲಿಗೇ ತರಬೇಕೋ, ಬೇರೆ ಪೇಟೆಗೆ ಒಯ್ಯಬೇಕೋ. 'ರೈತರಿಗೆ ಸ್ವಾಗತ' ಎಂಬ ಫಲಕ ಈ ಲೆಕ್ಕದೊಳಗೆ ಬರುವುದಿಲ್ಲ. ಬರುವುದು ಹಿಂದಿನ ಮಾಲಿಗೆ ಸಿಕ್ಕ ಬೆಲೆ ಒಂದೇ.

ಮೆದುಳು ಈ ಲೆಕ್ಕವನ್ನು ರಾಸಾಯನಿಕವಾಗಿ ಮಾಡುತ್ತದೆ. ವೊಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸದ ಹನಿ ಕೊಟ್ಟು ಡೋಪಮಿನ್ ಎಂಬ ರಾಸಾಯನಿಕ ಸೂಸುವ ನರಕೋಶಗಳನ್ನು ಗಮನಿಸಿದರು. ಎಣಿಸದೆ ರಸ ಸಿಕ್ಕಾಗ ಕೋಶ ಮಿಡಿಯಿತು. ಎಣಿಸಿದಷ್ಟೇ ಸಿಕ್ಕಾಗ ವಿಶೇಷವೇನೂ ಆಗಲಿಲ್ಲ. ಎಣಿಸಿದ್ದು ಸಿಗದೇ ಹೋದಾಗ ಮಿಡಿತ ಇದ್ದದ್ದಕ್ಕಿಂತ ಕುಸಿಯಿತು. 1997ರಲ್ಲಿ ಶುಲ್ಟ್ಸ್, ಪೀಟರ್ ದಯಾನ್, ರೀಡ್ ಮಾಂಟೆಗ್ಯೂ ಸೇರಿ ಇದರ ಅರ್ಥ ವಿವರಿಸಿದರು: ಈ ಕೋಶಗಳು ಸಾರುವುದು ಎಣಿಕೆಗೂ ಸಿಕ್ಕದ್ದಕ್ಕೂ ನಡುವಿನ ಅಂತರವನ್ನು. ಅದನ್ನು ಎಣಿಕೆಯ ತಪ್ಪು ಎನ್ನೋಣ. ಆ ತಪ್ಪಿನಿಂದಲೇ ಮುಂದಿನ ಎಣಿಕೆ ತಿದ್ದುಪಡಿಯಾಗುತ್ತದೆ.

ಈಗ ಹುಡುಗನನ್ನು ನೋಡಿ. ಒಂಬತ್ತನೇ ತರಗತಿಯ ಕಿರುಪರೀಕ್ಷೆಯಲ್ಲಿ ಗಣಿತಕ್ಕೆ ಇಪ್ಪತ್ತೈದಕ್ಕೆ ಏಳು ಬಂದಿದೆ. ಧೈರ್ಯ ಮಾಡಿ ತಾನೇ ಬಂದು ಹೇಳುತ್ತಾನೆ. ಅಪ್ಪನ ಮೊದಲ ಮಾತು, "ನಂಗೊತ್ತಿತ್ತು. ದಿನಾ ಮೊಬೈಲ್ ಹಿಡ್ಕೊಂಡ್ ಕುಂತ್ರ ಇನ್ನೇನಾಗ್ತೈತಿ?" ಎಂದಾಗುತ್ತದೆ. ಅಪ್ಪನ ಎಣಿಕೆಯಲ್ಲಿ ಇದು ಗಣಿತದ ಪಾಠ. ಹುಡುಗನ ಮೆದುಳು ಬರೆದುಕೊಳ್ಳುವ ಪಾಠ ಬೇರೆ: ಏಳು ಅಂಕ ಬಂದದ್ದಕ್ಕಲ್ಲ, ಹೇಳಿದ್ದಕ್ಕೆ ಪೆಟ್ಟು ಬಿತ್ತು. ಯಾಕೆಂದರೆ ಅಂಕ ಬಂದು ಎರಡು ದಿನವಾಗಿತ್ತು. ಬೈಗುಳ ಬಂದದ್ದು ಬಾಯಿ ಬಿಟ್ಟ ಮರುಗಳಿಗೆ. ಮೆದುಳು ಫಲವನ್ನು ಕಟ್ಟಿಹಾಕುವುದು ಅದರ ತೀರ ಹಿಂದಿನ ಕ್ರಿಯೆಗೆ. ಬಹುಮಾನ ಜಾಲ ಹದಿಹರೆಯದಲ್ಲಿ ವಿಶೇಷವಾಗಿ ಚುರುಕಾಗಿರುವ ಕಾರಣ ಈ ಲೆಕ್ಕ ಬೇಗ ಕೂಡುತ್ತದೆ.

2024ರ ಮಾರ್ಚ್ 11ರಂದು ಧಾರಣೆ ಕುಸಿದಾಗ ಬ್ಯಾಡಗಿಯಲ್ಲಿ ಸಿಟ್ಟಿಗೆದ್ದವರು ವಾಹನಗಳಿಗೆ ಬೆಂಕಿ ಇಟ್ಟದ್ದು ರಾಜ್ಯಕ್ಕೇ ಸುದ್ದಿಯಾಯಿತು. ಮನೆಯಲ್ಲಿ ಅಷ್ಟು ದೂರ ಹೋಗುವ ಮಕ್ಕಳು ಕಡಿಮೆ. ಹೆಚ್ಚಿನವರು ಜಗಳಕ್ಕೂ ನಿಲ್ಲದೆ ಮಾಲು ತರುವುದನ್ನು ಬಿಡುತ್ತಾರೆ. ಅದೇ ಸುದ್ದಿ ಬೆಲೆ ಸಿಗುವ ಕಡೆಗೆ, ಗೆಳೆಯನ ಫೋನಿಗೆ, ಹೋಗುತ್ತದೆ. ಅಪ್ಪನಿಗೆ ಕಾಣುವುದು ಖಾಲಿ ಪ್ರಾಂಗಣ.

ಅಪ್ಪನಿಗೇ ಯಾಕೆ ಹೆಚ್ಚು?

ಅವ್ವನೂ ಬೈಯುತ್ತಾಳೆ, ಕೆಲವೊಮ್ಮೆ ಹೆಚ್ಚೇ. ಆದರೂ ಮಕ್ಕಳು ಅವ್ವನಿಗೆ ಹೇಳುತ್ತಾರೆ. ಕಾರಣ ಸರಾಸರಿಯಲ್ಲಿದೆ. ಅವ್ವನ ಜೊತೆ ದಿನಕ್ಕೆ ಹತ್ತಾರು ಚಿಕ್ಕ ಮಾತು ನಡೆಯುತ್ತವೆ: ರೊಟ್ಟಿ ಎಷ್ಟು, ಅಂಗಿ ಎಲ್ಲಿ, ಯಾರ ಮನೆಯಲ್ಲಿ ಮದುವೆ. ನಡುವೆ ಎರಡು ಬೈಗುಳ ಬಿದ್ದರೂ ಒಟ್ಟು ಲೆಕ್ಕ ಕೆಡುವುದಿಲ್ಲ. ಅಪ್ಪನ ಜೊತೆ ನಡೆಯುವುದು ದಿನಕ್ಕೆ ಒಂದೋ ಎರಡೋ ಮಾತು. ಅವೂ ಫೀಸು, ಅಂಕ, ಅನುಮತಿಯ ಸುತ್ತ. ಅದರಲ್ಲೊಂದು ಕೆಟ್ಟರೆ ಅರ್ಧ ಲೆಕ್ಕವೇ ಕೆಟ್ಟಂತೆ.

ಆಮೇಲೆ "ಅವ್ವಾ, ಅಪ್ಪಗ ನೀನ ಹೇಳು" ಎಂಬ ಏರ್ಪಾಡು ಶುರುವಾಗುತ್ತದೆ. ಮನೆ ಶಾಂತವಾಗಿರುತ್ತದೆ, ಆದರೆ ಅಪ್ಪ ಮತ್ತು ಮಗನಿಗೆ ತಮ್ಮ ಹಳೆಯ ಎಣಿಕೆ ತಿದ್ದಿಕೊಳ್ಳುವ ಅವಕಾಶವೇ ಸಿಗುವುದಿಲ್ಲ. ಮಗಳ ವಿಷಯದಲ್ಲಿ ಈ ದೂರ ಇನ್ನೂ ಬೇಗ ಬೆಳೆಯುತ್ತದೆ. ಮಗಳು ದೊಡ್ಡವಳಾದಳು ಎಂದ ದಿನದಿಂದ ಅವಳ ಪಕ್ಕ ಕೂರಲು, ತಲೆ ಸವರಲು ಹಿಂಜರಿಯುವ ಅಪ್ಪಂದಿರು ನಮ್ಮ ಕಡೆ ಬಹಳ. ಅವನು ಅದನ್ನು ಮರ್ಯಾದೆ ಎಂದುಕೊಂಡಿರುತ್ತಾನೆ. ಅವಳಿಗೆ ತಾನೇನೋ ತಪ್ಪು ಮಾಡಿದ ಹಾಗೆ ತೋರುತ್ತದೆ.

ಇಲ್ಲಿ ಒಂದು ಸಮಾಧಾನದ ಸಂಗತಿಯೂ ಇದೆ. ಷಿಕಾಗೋ ಸುತ್ತಿನ ಮಕ್ಕಳಿಗೆ ಪೇಜರ್ ಕೊಟ್ಟು, ಅದು ಸದ್ದು ಮಾಡಿದಾಗೆಲ್ಲ ಏನು ಮಾಡುತ್ತಿದ್ದಿ, ಯಾರ ಜೊತೆ ಎಂದು ಬರೆಸಿದ ರೀಡ್ ಲಾರ್ಸನ್, ಹತ್ತರಿಂದ ಹದಿನೆಂಟರ ನಡುವೆ ಕುಟುಂಬದ ಜೊತೆ ಕಳೆಯುವ ಪಾಲು ಎಚ್ಚರದ ಸಮಯದ ಶೇ. 35ರಿಂದ 14ಕ್ಕೆ ಇಳಿಯುವುದನ್ನು 1996ರಲ್ಲಿ ತೋರಿಸಿದರು. ಆದರೆ ತಂದೆ ಅಥವಾ ತಾಯಿಯ ಜೊತೆ ಒಬ್ಬೊಬ್ಬರಾಗಿ ಕಳೆಯುವ ಹೊತ್ತು ಹೆಚ್ಚು ಕುಗ್ಗಿರಲಿಲ್ಲ. ಮುಂದೆ ಸುಮನ್ ವರ್ಮಾ ಜೊತೆ ಚಂಡೀಗಢದ ಮಧ್ಯಮವರ್ಗದ ಎಂಟನೇ ತರಗತಿಯ ಮಕ್ಕಳನ್ನು ಇದೇ ರೀತಿ ಗಮನಿಸಿದಾಗ, ಅವರು ಅಮೆರಿಕದವರಿಗಿಂತ ಹೆಚ್ಚು ಹೊತ್ತು ಮನೆಯವರ ಜೊತೆಗಿದ್ದರು, ಬಹುತೇಕ ಖುಷಿಯಾಗಿಯೇ. ಹದಿಹರೆಯ ಬಂದರೆ ಮನೆಯಿಂದ ಮನಸ್ಸು ಕಿತ್ತುಹೋಗಲೇಬೇಕು ಎಂಬ ನಿಯಮ ನಿಸರ್ಗದಲ್ಲಿಲ್ಲ.

ಎದುರು ಕೂರುವುದಕ್ಕಿಂತ ಪಕ್ಕದಲ್ಲಿ

ಧಾರಣೆ ಸುಧಾರಿಸಬೇಕೆಂದು ಅಪ್ಪ ನಿರ್ಧರಿಸಿದ ಎನ್ನೋಣ. ಸಾಮಾನ್ಯವಾಗಿ ಅವನು ಮಾಡುವುದೇನು? ಬೆಳಿಗ್ಗೆ ಆರಕ್ಕೆ ಎಬ್ಬಿಸಿ, ಎದುರಿಗೆ ಕೂರಿಸಿ, "ನನ್ನ ಮುಖ ನೋಡಿ ಮಾತಾಡು" ಎನ್ನುತ್ತಾನೆ. ಹೊತ್ತೂ ತಪ್ಪು, ದಿಕ್ಕೂ ತಪ್ಪು.

ಹೊತ್ತಿನ ಮಾತು ಮೊದಲು. ಕತ್ತಲಾದ ಮೇಲೆ ಮೆದುಳಿಗೆ ರಾತ್ರಿಯ ಸುದ್ದಿ ಮುಟ್ಟಿಸುವ ಮೆಲಟೋನಿನ್ ಹಾರ್ಮೋನು ಪ್ರೌಢಾವಸ್ಥೆಯಲ್ಲಿ ತಡವಾಗಿ ಏರುತ್ತದೆ. ಅಮೆರಿಕದ ಮೇರಿ ಕಾರ್ಸ್ಕಡನ್ 1990ರ ದಶಕದಿಂದ ಇದನ್ನು ಅಳೆಯುತ್ತ ಬಂದಿದ್ದಾರೆ. ನಸುಕಿಗೆದ್ದು ಹೊಲಕ್ಕೆ ನೀರು ಹಾಯಿಸಿ ಬಂದ ಅಪ್ಪನಿಗೆ ಆರು ಗಂಟೆ ಎಂದರೆ ಹೊತ್ತೇರಿದ ಹಾಗೆ. ಮಗನ ದೇಹಕ್ಕೆ ಅದು ಇನ್ನೂ ನಡುರಾತ್ರಿಯ ಬಾಲ. ರಾತ್ರಿ ಒಂಬತ್ತರ ಮೇಲೆ, ಅಪ್ಪನಿಗೆ ತೂಕಡಿಕೆ ಬರುವಾಗ, ಹುಡುಗನ ಮಾತಿಗೆ ಕಳೆ ಬರುತ್ತದೆ.

ದಿಕ್ಕಿನ ಬಗ್ಗೆ ಜರ್ಮನಿಯ ಫ್ರೈಬರ್ಗಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ತಮಗೆ ಒಪ್ಪಿಗೆಯಿಲ್ಲದ ವಾದವನ್ನು ಮಂಡಿಸುವವರ ಕಣ್ಣಲ್ಲಿ ಕಣ್ಣಿಟ್ಟು ಕೇಳಿದ ವಿದ್ಯಾರ್ಥಿಗಳು, ಬೇರೆಡೆ ನೋಡುತ್ತ ಕೇಳಿದವರಿಗಿಂತ ಕಡಿಮೆ ಮನಸ್ಸು ಬದಲಿಸಿದರು. ಭಿನ್ನಾಭಿಪ್ರಾಯ ಇರುವಲ್ಲಿ ನೇರ ನೋಟ ಸವಾಲಾಗಿ ನಿಲ್ಲುತ್ತದೆ.

ಹಾವೇರಿ ಸೀಮೆಯವರಿಗೆ ಇದರ ಮದ್ದು ಹೊಸದಲ್ಲ. ದೀಪಾವಳಿ ಕಳೆದು ಹೋರಿ ಹಬ್ಬ ಶುರುವಾಗುವ ಮುಂಚೆ ಕೊಬ್ಬರಿ ಹೋರಿ ಸಾಕಿದ ಮನೆಯ ಹಿತ್ತಲು ನೋಡಬೇಕು. ಅಪ್ಪ ಒಂದು ಮಗ್ಗುಲಿಗೆ, ಮಗ ಇನ್ನೊಂದು ಮಗ್ಗುಲಿಗೆ ನಿಂತು ಮೈ ತಿಕ್ಕುತ್ತಿರುತ್ತಾರೆ. ಇಬ್ಬರ ಕಣ್ಣೂ ಹೋರಿಯ ಬೆನ್ನ ಮೇಲೆ. ಕೊಂಬಿಗೆ ಯಾವ ಬಣ್ಣ, ಕೊಬ್ಬರಿ ಸರ ಎಷ್ಟು ಎಳೆ, ಹೋದ ವರ್ಷ ಯಾವ ತಿರುವಿನಲ್ಲಿ ಹಿಡಿಯುವವರ ಕೈ ತಪ್ಪಿಸಿತು ಎಂಬ ಮಾತಿನ ನಡುವೆ "ಅಪ್ಪಾ, ನಂಗ ಸೈನ್ಸ್ ಬ್ಯಾಡ, ಐಟಿಐ ಮಾಡ್ತೀನಿ" ಎಂಬುದೂ ಬಂದುಬಿಡುತ್ತದೆ. ಕೈಗೆ ಕೆಲಸವಿದೆ, ನಡುವಿನ ಮೌನಕ್ಕೆ ಕಾರಣ ಕೊಡಬೇಕಿಲ್ಲ, ಹೇಳಿದ ಮಾತು ಕೆಟ್ಟರೆ ಮತ್ತೆ ಹೋರಿಯ ಸುದ್ದಿಗೆ ಮರಳಬಹುದು. ಹೋರಿ ಇಲ್ಲದ ಮನೆಯಲ್ಲಿ ಬೈಕಿದೆ, ಪಂಪ್‌ಸೆಟ್ಟಿದೆ, ಸಂತೆಯಿದೆ.

ಅದೇ ಮಾತು, ಬೇರೆ ದನಿ

ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ನೆಟ್ಟಾ ವೈನ್‌ಸ್ಟೈನ್ ತಂಡ 2019ರಲ್ಲಿ ಸಾವಿರ ಮಕ್ಕಳ ಮೇಲೆ, ಎಲ್ಲರೂ ಹದಿನಾಲ್ಕು-ಹದಿನೈದರವರು, ಒಂದು ಪರೀಕ್ಷೆ ಮಾಡಿತು. ಶಾಲೆಯ ಕೆಲಸದ ಬಗ್ಗೆ ತಾಯಂದಿರು ಹೇಳುವ ಮೂವತ್ತು ವಾಕ್ಯಗಳು. ಪದಗಳು ಎಲ್ಲರಿಗೂ ಅವೇ. ಕೆಲವರಿಗೆ ಅಧಿಕಾರದ ದನಿಯಲ್ಲಿ, ಕೆಲವರಿಗೆ ಆಯ್ಕೆ ಬಿಟ್ಟುಕೊಡುವ ದನಿಯಲ್ಲಿ, ಉಳಿದವರಿಗೆ ಸಪಾಟಾಗಿ ಕೇಳಿಸಿದರು. ಅಧಿಕಾರದ ದನಿ ಕೇಳಿದವರು ಹೆಚ್ಚು ಮುನಿದರು, ಒತ್ತಡ ಎಂದರು, ಆ ತಾಯಿಯಿಂದ ದೂರ ಉಳಿಯಬೇಕೆನಿಸಿತು ಎಂದರು.

ಏಳು ಅಂಕದ ಹುಡುಗನ ಅಪ್ಪನಿಗೆ ಇದರಿಂದ ಸಿಗುವುದು ಒಂದು ಸಣ್ಣ ಉಪಾಯ. ಮಗ ಬಾಯಿ ಬಿಟ್ಟ ಮೊದಲ ಎರಡು ನಿಮಿಷ ತೀರ್ಪು ಬೇಡ.

"ಅಪ್ಪಾ, ಗಣಿತದಾಗ ಏಳು ಬಂದಾವು."
"ಹಂಗೇನು? ಯಾವುದು ತಿಳೀಲಿಲ್ಲ?"
"ಬೀಜಗಣಿತ... ತಿಳೀತೈತಿ ಅಂತ ಅನಿಸ್ತಿತ್ತು, ಅಲ್ಲಿ ಕುಂತ್ರ ಬರಲಿಲ್ಲ."
"ಹೇಳಿದ್ದು ಚಲೋ ಆತು. ಉಂಡು ಬಾ, ಆಮ್ಯಾಲೆ ನೋಡೂಣು."

ಇಲ್ಲಿ ಅಪ್ಪ ಅಂಕವನ್ನು ಒಪ್ಪಿಕೊಂಡಿಲ್ಲ, ಮೊಬೈಲಿನ ಕಟ್ಟಳೆಯನ್ನು ಸಡಿಲಿಸಿಲ್ಲ. ಹೇಳುವ ಕ್ರಿಯೆಗೂ ತಪ್ಪಿನ ಶಿಕ್ಷೆಗೂ ನಡುವೆ ಒಂದು ಊಟದಷ್ಟು ಅಂತರ ಇಟ್ಟ, ಅಷ್ಟೇ. ರಾತ್ರಿ ಎಂಟರ ಮೇಲೆ ಫೋನು ಅವ್ವನ ಕೈಗೆ ಎಂಬ ನಿಯಮವನ್ನು ಅವನು ನಾಳೆ ತರಬಹುದು, ತರಲೂಬೇಕು. ಆ ನಿಯಮ ಮಗನ ಮೆದುಳಿನಲ್ಲಿ ಗಣಿತದ ಖಾತೆಗೆ ಸೇರುತ್ತದೆ. 'ಅಪ್ಪನಿಗೆ ಹೇಳಿದರೆ' ಎಂಬ ಖಾತೆ ಬೇರೆಯಾಗಿಯೇ ಉಳಿಯುತ್ತದೆ.

ಹಳೆಯ ಎಣಿಕೆ ಒಂದೇ ಸಲಕ್ಕೆ ಅಳಿಯುವುದಿಲ್ಲ. ವರ್ಷಗಟ್ಟಲೆ ಕಡಿಮೆ ಬೆಲೆ ಕಂಡ ರೈತ ಮೊದಲು ಒಂದು ಚೀಲ ತಂದು ಪರೀಕ್ಷಿಸುತ್ತಾನೆ. ಮಕ್ಕಳೂ ಹಾಗೆಯೇ. ಮೊದಲು ಬರುವುದು ಕ್ಷುಲ್ಲಕ ಸುದ್ದಿ: ಯಾರೋ ಚಪ್ಪಲಿ ಕದ್ದರು, ಕ್ಯಾಂಟೀನಿನ ಮಿರ್ಚಿ ಚೆನ್ನಾಗಿತ್ತು. ಕೆಲಸದ ನಡುವೆ ಇದೇನು ಹರಟೆ ಎಂದು ಅಪ್ಪ ತಳ್ಳಿಹಾಕಿದರೆ ದೊಡ್ಡ ಮೂಟೆ ಮನೆಯಲ್ಲೇ ಉಳಿಯುತ್ತದೆ.

ಮೌನದ ಜೊತೆಗೆ ನಿದ್ದೆ, ಊಟ, ಶಾಲೆ, ಗೆಳೆಯರು ಎಲ್ಲವನ್ನೂ ಮಗು ಬಿಟ್ಟು ಕೂತರೆ, ಇಲ್ಲವೇ ಸಾಯುವ ಮಾತಾಡಿದರೆ ಅದು ಧಾರಣೆಯ ಪ್ರಶ್ನೆಯಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹಾ ಕ್ಲಿನಿಕ್‌ಗಳಿವೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಬೇಕಿಲ್ಲ.

ಉಳಿದ ಎಲ್ಲ ಮನೆಗಳಲ್ಲಿ ಲೆಕ್ಕ ಒಂದೇ. ಮಗ ಏನು ಹೇಳುತ್ತಾನೆ ಎಂಬುದು ಅಪ್ಪನ ಕೈಯಲ್ಲಿಲ್ಲ. ಹೇಳಿದ ಮರುಗಳಿಗೆ ಏನಾಗುತ್ತದೆ ಎಂಬುದು ಪೂರ್ತಿಯಾಗಿ ಅವನ ಕೈಯಲ್ಲಿದೆ, ಮುಂದಿನ ಮಾತು ಬರುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದೂ ಅಲ್ಲಿಯೇ.